ಬೀಗ ಹಾಕಿದ್ದಕ್ಕೆ ಸಾಕ್ಷಿ

ಕಡೂರಿನ ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ಗ್ರಿಲ್ ಬಾಗಿಲಿಗೆ ಈಗ ಬೀಗವಿಲ್ಲ. ಬೀದಿನಾಯಿ ಒಳಗೆ ಹೋಗಿ ಜಗಲಿಯ ಮೇಲೆ ಮಲಗಿ, ಬೇಕೆನಿಸಿದಾಗ ಎದ್ದು ಬರುತ್ತದೆ. ಆ ಮನೆಯ ಯಜಮಾನರು ಇದನ್ನು ಕಂಡಿದ್ದರೆ ಎದೆ ಎದೆ ಬಡಿದುಕೊಳ್ಳುತ್ತಿದ್ದರು. ಹೋದವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನೂ ಒಂದು ವರ್ಷ ತುಟಿ ಬಿಗಿಹಿಡಿದು ಕೂತೆ. ಇನ್ನು ನನ್ನ ಕೈಲಾಗುವುದಿಲ್ಲ.

ಅವರ ಹೆಸರು ಬೇಡ. ನಮ್ಮ ಬೀದಿಗೆ ಅವರು 'ಸ್ಟೋರಿನೋರು'. ತರೀಕೆರೆಯಲ್ಲಿ ಒಂದು ಸರ್ಕಾರಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುವರು. ಸೊಂಟದ ಒಂದು ಕಡೆ ಉಗ್ರಾಣದ ಕೀಗೊಂಚಲು, ಇನ್ನೊಂದು ಕಡೆ ಮನೆಯದು. ಬೀದಿಯ ತಿರುವಿಗೆ ಬಂದರೆಂದು ನಾವು ನೋಡಬೇಕಾಗಿರಲಿಲ್ಲ, ಎತ್ತಿನ ಗೆಜ್ಜೆಯಂತೆ ಕೇಳುತ್ತಿತ್ತು. ಅವರ ಕಾಲದಲ್ಲಿ ಉಗ್ರಾಣದಲ್ಲಿ ಒಂದು ಬೋಲ್ಟು ಕಡಿಮೆ ಬಿದ್ದದ್ದಿಲ್ಲವಂತೆ. ಅವರೇ ಹೇಳಿದ್ದು, ಬೇರೆಯವರೂ ಹೇಳಿದ್ದಾರೆ, ನಾನು ನಂಬುತ್ತೇನೆ. ತೊಂದರೆ ಏನೆಂದರೆ, ಮನೆಗೆ ಬಂದ ಮೇಲೂ ಅವರು ಉಗ್ರಾಣದಲ್ಲೇ ಇರುತ್ತಿದ್ದರು.

ಬೀರುವಿಗೆ ಬೀಗ ಎಲ್ಲರೂ ಹಾಕುತ್ತಾರೆ. ಇವರ ಮನೆಯಲ್ಲಿ ಕೊಬ್ಬರಿ ಡಬ್ಬಕ್ಕೆ ಬೀಗ, ನೀರಿನ ತೊಟ್ಟಿಯ ಮುಚ್ಚಳಕ್ಕೆ ಬೀಗ, ಹಿತ್ತಿಲ ಕಕ್ಕಸಿಗೂ ಬೀಗ. ನಾನು ಒಂದು ಹಿಡಿ ಕೊತ್ತಂಬರಿ ಬೀಜ ಕೇಳಿಕೊಂಡು ಹೋದರೆ ಅವರ ಹೆಂಡತಿ ಪಾರ್ವತಕ್ಕ, "ತಾಳೇ, ಸಂಜೆ ಅವ್ರು ಬಂದ್ಮೇಲೆ ಕೊಡ್ತೀನಿ. ಡಬ್ಬದ ಕೀಲಿ ಅವ್ರ ಸೊಂಟದಾಗೈತೆ" ಎಂದು ನಗುವರು. ನಗುವುದು ಬಿಟ್ಟು ಇನ್ನೇನು ಮಾಡಿಯಾರು.

ಯಾಕೆ ಹೀಗೆ ಎಂದು ಕೇಳಿದವರಿಗೆಲ್ಲ ಸ್ಟೋರಿನವರದು ಒಂದೇ ಉತ್ತರ. "ಬೀಗ ಕಳ್ಳನಿಗಲ್ಲ ಕಣ್ರೀ ಟೀಚರಮ್ಮ, ನೆಂಟರಿಗೆ. ಕಳ್ಳ ಹೆಂಗಿದ್ರೂ ಒಡ್ಕೊಂಡೇ ಬತ್ತಾನೆ." ನಾನು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವಳು. ಅವರಿಗೆ ಕೊನೆಯವರೆಗೂ ಟೀಚರಮ್ಮನೇ.

ಆ ಮಾತಿಗೆ ಕಾರಣವಿತ್ತು. ಹಿರೇನಲ್ಲೂರಿನ ಹತ್ತಿರ ಅವರಿಗೂ ಅವರ ಅಣ್ಣನಿಗೂ ಸೇರಿದ ತೆಂಗಿನ ತೋಟವಿತ್ತು. ಇವರು ನೌಕರಿಯ ಮೇಲೆ ಬೇರೆ ಊರಿನಲ್ಲಿದ್ದಾಗ ಅಣ್ಣ ಟ್ರಂಕಿನಲ್ಲಿದ್ದ ಪತ್ರಗಳನ್ನು ತೆಗೆದುಕೊಂಡು ಹೋಗಿ ಇಡೀ ತೋಟದ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. "ಅವತ್ತು ಆ ಟ್ರಂಕಿಗೆ ಒಂದ್ ಬೀಗ ಹಾಕಿದ್ದಿದ್ರೆ!" ಎಂದು ಸೊಂಟದ ಕೀಗೊಂಚಲನ್ನು ಮುಟ್ಟಿ ನೋಡಿಕೊಳ್ಳುವರು. ಅಣ್ಣ ಮೋಸ ಮಾಡಿದ್ದಕ್ಕಿಂತ ತಾನು ಬೀಗ ಹಾಕಲಿಲ್ಲ ಎನ್ನುವುದೇ ಅವರಿಗೆ ದೊಡ್ಡ ಗಾಯ. ಪಾಪ ಅನ್ನಿಸುತ್ತಿತ್ತು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಹಿರೇನಲ್ಲೂರಿನ ಅಣ್ಣನ ತಪ್ಪಿಗೆ ಕಡೂರಿನ ಹೆಂಡತಿ ದಂಡ ತೆತ್ತಳು.

ಹೊರಗೆ ಹೊರಟರೆ ಅವರು ಗ್ರಿಲ್ಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಒಳಗೆ ಪಾರ್ವತಕ್ಕ. ಒಬ್ಬಳೇ ಮಗಳು ಮಂಜುಳಾ ಚಿಕ್ಕವಳಿದ್ದಾಗ ಶಾಲೆಗೆ ಹೋಗಿರುವಳು, ದೊಡ್ಡವಳಾದ ಮೇಲೆ ಅದೇ ಶಾಲೆಯಲ್ಲಿ ಪಾಠ ಹೇಳಲು ಹೋಗಿರುವಳು. ಕೀಲಿ ಮಾತ್ರ ಅವಳ ಕೈಗೆ ಬರಲಿಲ್ಲ. ಅವಳು ಮಧ್ಯಾಹ್ನ ಬೇಗ ಬಂದರೆ ನಮ್ಮ ಮನೆಯಲ್ಲಿ ಕೂತು ಅಪ್ಪನಿಗಾಗಿ ಕಾಯುವಳು. ಪಾರ್ವತಕ್ಕ ಗ್ರಿಲ್ಲಿನ ಒಳಗೆ ಮಣೆ ಹಾಕಿಕೊಂಡು ಕೂರುವರು, ನಾನು ರಜೆಯ ದಿನ ಹೊರಗೆ ಮೆಟ್ಟಿಲ ಮೇಲೆ ಕೂರುವೆ. ಹೀಗೇ ನಮ್ಮಿಬ್ಬರ ಸ್ನೇಹ ಬೆಳೆದದ್ದು. ತರಕಾರಿಯವಳು ಬಂದರೆ ಹುರುಳಿಕಾಯಿ, ಬೆಂಡೆಕಾಯಿ ಸರಳಿನ ಸಂದಿಯಲ್ಲಿ ತೂರುತ್ತಿದ್ದವು. ಕುಂಬಳಕಾಯಿ ಬೇಕೆಂದರೆ ಹೊರಗೇ ಹೋಳು ಮಾಡಿ ಕೊಡಬೇಕು. ತರಕಾರಿಯವಳು ಕುಯ್ಯುತ್ತಾ, "ನಿಮ್ಮನೇರು ಚಿನ್ನದಂಗೆ ಇಟ್ಕಂಡವ್ರೆ ಬಿಡ್ರವ್ವ" ಎನ್ನುವಳು. ಬೀದಿಯೆಲ್ಲ ನಗುತ್ತಿತ್ತು. ಪಾರ್ವತಕ್ಕನೂ ನಗುತ್ತಿದ್ದರು.

ಒಂದು ದಿನ ಅವರಿಗೆ ಸೌದೆಯ ಗೂಡಿನಲ್ಲಿ ಚೇಳು ಕುಟುಕಿತು. ಕೂಗಿಗೆ ಹೋಗಿ ನೋಡಿದರೆ ಗ್ರಿಲ್ಲಿನ ಒಳಗೆ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಾರೆ. ಹೊರಗೆ ತೆಂಗಿನಕಾಯಿ ಗಾತ್ರದ ಬೀಗ. ಎದುರು ಮನೆಯವರು ಸುತ್ತಿಗೆ ತಂದು ಬಡಿದು ಬಡಿದು ಒಡೆದರು, ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಸಂಜೆ ಸ್ಟೋರಿನವರು ಬಂದರು. ಹೆಂಡತಿ ಮಂಚದ ಮೇಲಿದ್ದಾಳೆ, ಕಾಲು ಊದಿದೆ. ಇವರು ಬಾಗಿಲಲ್ಲೇ ನಿಂತು ಒಡೆದ ಬೀಗವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಏಳು ಲಿವರಿಂದು ಕಣ್ರೀ ಇದು. ಎಂಥಾ ಬೀಗ ಹಾಳ್ಮಾಡಿದ್ರಿ!"

ಮರುದಿನ ಅದಕ್ಕಿಂತ ದಪ್ಪದ್ದು ತಂದರು. ಪಾರ್ವತಕ್ಕ ನನ್ನ ಕಿವಿಯಲ್ಲಿ, "ನನ್ ಕಾಲಿಗಿಂತ ಆ ಬೀಗಕ್ಕೇ ಜಾಸ್ತಿ ನೋವಾಗೈತೆ ಕಣೇ" ಎಂದರು. ಆ ಸಲ ನನಗೆ ನಗು ಬರಲಿಲ್ಲ.

ನ್ಯಾಯವಾಗಿ ಹೇಳುವುದಾದರೆ ಅವರು ದುಷ್ಟರಲ್ಲ. ಹೆಂಡತಿಯ ಮೇಲೆ ಕೈ ಮಾಡಿದವರಲ್ಲ, ಕುಡಿದವರಲ್ಲ, ಹೊರಗೆ ಒಂದು ಲೋಟ ಕಾಫಿಯನ್ನೂ ಒಬ್ಬರೇ ಕುಡಿದವರಲ್ಲ, ಮನೆಗೆ ಬಂದೇ ಕುಡಿಯುವರು. ನನ್ನ ಯಜಮಾನರು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾಗ ನಮ್ಮ ಮನೆಯನ್ನು ತಮ್ಮದೆಂಬಂತೆ ಕಾದರು. ನಾನು ವಾಪಸು ಬಂದಾಗ ಹಿಂದಿನ ಬಾಗಿಲಿಗೂ ಹೊಸ ಬೀಗ ಹಾಕಿಸಿದ್ದರು, ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿಯನ್ನೂ ಅವರು ಒಳಗಿಟ್ಟು ಕೀಲಿ ತಿರುಗಿಸುತ್ತಿದ್ದರು, ಅಷ್ಟೇ.

ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲು, ಹಾರದ ಜೊತೆ ಒಂದು ಟ್ಯಾಬು ಕೊಟ್ಟರು. ಅವರ ಫೋನು ಹಳೆಯ ಬಟನ್ ಫೋನು, ಈ ಅಗಲವಾದ ಗಾಜಿನ ಹಲಗೆ ಅವರಿಗೆ ಹೊಸದು. ತರೀಕೆರೆಯ ಒಂದು ಮೊಬೈಲ್ ಅಂಗಡಿಯಲ್ಲಿ ಶುರು ಮಾಡಿಸಿಕೊಂಡು ಬಂದರು. ಬರುತ್ತಲೇ ಅದಕ್ಕೂ ಬೀಗ. ಚುಕ್ಕಿಗಳ ಮೇಲೆ ಬೆರಳಾಡಿಸಿ ತೆರೆಯುವ ಬೀಗ. ತೆರೆಯುವಾಗ ಗೋಡೆಯ ಕಡೆ ತಿರುಗಿ ನಿಲ್ಲುವರು. ಇಂಟರ್ನೆಟ್ ಮಾತ್ರ ಮಗಳ ಫೋನಿನಿಂದ ಬರಬೇಕು, ಆದರೆ ಮಗಳು ಅದನ್ನು ಮುಟ್ಟುವಂತಿಲ್ಲ.

ಆ ಟ್ಯಾಬಿನಿಂದ ಅವರು ಮೊದಲು ಕಲಿತದ್ದು ಬೀಗದ ಫೋಟೋ ತೆಗೆಯುವುದನ್ನು. ವಯಸ್ಸಾದಂತೆ ಅವರಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಹಿಡಿದಿತ್ತು. ಬಸ್ ಸ್ಟ್ಯಾಂಡಿನಿಂದ ವಾಪಸು ಬಂದು ಜಗ್ಗಿ ನೋಡಿ ಹೋಗುವರು. ನಿವೃತ್ತಿಯಾದರೂ ದಿನಾ ಪೇಟೆಗೊಂದು ಸುತ್ತು ತಪ್ಪದು. ಟ್ಯಾಬು ಬಂದ ಮೇಲೆ ಹೊರಡುವ ಮುಂಚೆ ಬೀಗ ಹಾಕಿ, ಮೂರು ಸಲ ಜಗ್ಗಿ, ಟ್ಯಾಬನ್ನು ಮಂಗಳಾರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಫೋಟೋ ತೆಗೆಯುವರು. ಆಮೇಲೆ ಅದನ್ನು ಕೈಚೀಲಕ್ಕೆ ಹಾಕಿಕೊಂಡು ಹೋಗುವರು. ದಾರಿಯಲ್ಲಿ ಅನುಮಾನ ಬಂದರೆ ತೆಗೆದು ನೋಡಬಹುದಲ್ಲ. ನಾನು ತಡೆಯಲಾರದೆ ಕೇಳಿದೆ.

"ಏನ್ರೀ ಇದು, ದಿನಾ ಅದೇ ಬೀಗದ ಫೋಟೋ?"

"ಬೀಗ ಹಾಕಿದ್ದಕ್ಕೆ ಸಾಕ್ಷಿ ಬೇಕಲ್ಲ ಕಣ್ರೀ" ಎಂದರು. ತಮಾಷೆ ಅವರಿಗೆ ಬರುತ್ತಿರಲಿಲ್ಲ.

ಪಾರ್ವತಕ್ಕ ಜ್ವರದಲ್ಲಿ ಹೋಗಿಬಿಟ್ಟರು. ನಾಲ್ಕು ದಿನ ಮಲಗಿದ್ದರು, ಅಷ್ಟೇ. ಹೋಗುವ ಮುಂಚಿನ ವರ್ಷ ಅವರ ತಂಗಿ ಬಂದು ಜಗಳವಾಡಿ, ತಮ್ಮ ಮಗಳ ಸೀಮಂತಕ್ಕೆಂದು ಅಮೃತಾಪುರದ ತಮ್ಮ ಮನೆಗೆ ಎರಡು ದಿನ ಕರೆದುಕೊಂಡು ಹೋಗಿದ್ದರು. ಅಲ್ಲಿ ಪಾರ್ವತಕ್ಕ ಆರತಿ ಹಾಡು ಹೇಳಿದ್ದರು. ತಂಗಿ ಅದನ್ನು ಫೋನಿನಲ್ಲಿ ವಿಡಿಯೋ ಹಿಡಿದು ಭಾವನ ಟ್ಯಾಬಿಗೆ ವಾಟ್ಸಾಪಿನಲ್ಲಿ ಕಳಿಸಿದ್ದರು. ಆಮೇಲೆ ತಂಗಿಯ ಫೋನು ನೀರಿಗೆ ಬಿದ್ದು ಕೆಟ್ಟುಹೋಯಿತು. ಪಾರ್ವತಕ್ಕನ ದನಿ ಈ ಭೂಮಿಯ ಮೇಲೆ ಉಳಿದದ್ದು ಆ ಟ್ಯಾಬಿನಲ್ಲಿ ಮಾತ್ರ.

ಹೆಂಡತಿ ಹೋದ ಮೇಲೆ ಸ್ಟೋರಿನವರು ಪ್ರತಿ ಸಂಜೆ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಆ ಹಾಡು ಹಾಕುವರು. ಮಂಜುಳಾ ಬಾಗಿಲ ಹೊರಗೆ ನಿಂತು ಕಿವಿಗೊಡುವಳು. ಹಾಡು ಮುಗಿದ ಮೇಲೆ ಹೆಂಗಸರೆಲ್ಲ ಏನೋ ಅನ್ನುತ್ತಾರಂತೆ, ಪಾರ್ವತಕ್ಕ ಜೋರಾಗಿ ನಗುತ್ತಾರಂತೆ. "ಅಮ್ಮ ಹಂಗೆ ಬಾಯ್ತುಂಬ ನಕ್ಕಿದ್ದು ನಾನು ಕೇಳೇ ಇಲ್ಲ ಟೀಚರ್" ಎಂದು ನನಗೆ ಹೇಳಿದ್ದಳು. ಒಮ್ಮೆ ನೋಡುತ್ತೇನೆ ಕೊಡಪ್ಪ ಎಂದು ಎಷ್ಟು ಸಲ ಕೇಳಿದಳೋ.

"ನಿನ್ ಕೈಗೆ ಕೊಟ್ರೆ ಅಳಿಸ್ಬಿಡ್ತೀಯ" ಎಂದು ಅವರ ಉತ್ತರ.

ನಾನೂ ಹೋಗಿ ಹೇಳಿದೆ. ಅವತ್ತು ಅವರು ಜಗಲಿಯ ಮೇಲೆ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಣ್ಣು ಒದ್ದೆಯಾಗಿತ್ತು. "ಇಷ್ಟ್ ವರ್ಷ ಮನೇಲಿದ್ಲು ಟೀಚರಮ್ಮ. ಹಿಂಗ್ ಹಾಡ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ" ಎಂದರು. ಕಲ್ಲೂ ಕರಗಬೇಕು, ನಾನೂ ಕರಗಿದೆ. "ಹಂಗಾದ್ರೆ ಮಗಳಿಗೂ ಕೇಳ್ಸಿ" ಎಂದೆ. ಟ್ಯಾಬನ್ನು ಇನ್ನಷ್ಟು ಎದೆಗೆ ಅವಚಿಕೊಂಡರು. ಕರಗಿದ್ದು ಅಲ್ಲೇ ಗಟ್ಟಿಯಾಯಿತು.

ಹೋದ ವರ್ಷ ಒಂದು ಬೆಳಿಗ್ಗೆ ಅವರೂ ಹೋದರು, ನಿದ್ದೆಯಲ್ಲೇ. ಗಂಡು ಮಕ್ಕಳಿಲ್ಲ. ಕೊಳ್ಳಿ ಇಡಲು ಯಾರು ಬಂದರು ಎನ್ನುತ್ತೀರಿ? ತೋಟದ ಖಾತೆ ಮಾಡಿಸಿಕೊಂಡ ಅದೇ ಅಣ್ಣನ ಮಗ, ಲೋಕೇಶ. ಜೀವಮಾನವೆಲ್ಲ ಯಾರಿಗಾಗಿ ಬೀಗ ಹಾಕಿದರೋ ಅವರ ಕೈಯಿಂದಲೇ ಬೆಂಕಿ. ಸಂಪ್ರದಾಯಕ್ಕೆ ಎದುರಾಡುವವರು ಯಾರು. ಮಂಜುಳಾ ಹಿಂದೆ ನಿಂತು ನೋಡಿದಳು.

ತಿಥಿಯ ದಿನ ಹಿತ್ತಿಲಲ್ಲಿ ಎಡೆ ಇಟ್ಟೆವು. ಅವರಿಗೆ ಇಷ್ಟವಾದ ಉದ್ದಿನ ವಡೆ, ಕಡುಬು, ಹೆಸರುಕಾಳು ಪಲ್ಯ. ಪಕ್ಕದಲ್ಲಿ ಅವರು ಬಳಸುತ್ತಿದ್ದ ಕನ್ನಡಕ, ಎರಡು ಕೀಗೊಂಚಲು, ಟ್ಯಾಬು. ಕಾಗೆ ಬಂದು ಮುಟ್ಟಬೇಕು, ಆಮೇಲೇ ನೆಂಟರಿಗೆ ಊಟ. ಕಾಗೆ ಬರಲಿಲ್ಲ. ಗೋಡೆಯ ಮೇಲೆ ಕೂತು ನೋಡುತ್ತದೆ, ಇಳಿಯುವುದಿಲ್ಲ. ಬಿಸಿಲೇರಿತು, ಹಸಿದ ನೆಂಟರ ಮುಖ ಸಣ್ಣಗಾಯಿತು. ಹಿರಿಯರೊಬ್ಬರು, "ಏನೋ ಆಸೆ ಉಳ್ಕಂಡೈತೆ ಕಣ್ರಪ್ಪಾ" ಎಂದರು. ಮಗಳ ಮದುವೆ ಮಾಡಿಸುತ್ತೇವೆಂದು ಮಾತು ಕೊಟ್ಟರು. ಕಾಗೆ ಕದಲಲಿಲ್ಲ. ಅಷ್ಟರಲ್ಲಿ ಯಾರಿಗೋ ಹೊಳೆಯಿತು. ಸಂಜೆಸಂಜೆ ಹೆಂಡತಿಯ ಹಾಡು ಕೇಳುತ್ತಿದ್ದರಲ್ಲ, ಅದನ್ನು ಹಾಕಿ, ಬರುತ್ತಾರೆ.

ಮಂಜುಳಾ ಒಳಗೆ ಅಡಿಗೆಯವರ ಹತ್ತಿರ ಇದ್ದಳು. ಇಲ್ಲಿ ಟ್ಯಾಬು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಚುಕ್ಕಿಗಳ ಮೇಲೆ ತಮಗೆ ತೋಚಿದ ಗೆರೆ ಎಳೆದರು, ಒಬ್ಬರು ಓಂ ಬರೆದರು. ತೆರೆಯಲಿಲ್ಲ.

"ಕೊಡಿ ಇಲ್ಲಿ, ನಂಗೊತ್ತು" ಎಂದ ಲೋಕೇಶ. "ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿದ್ರೆ ತಾನೇ ಓಪನ್ ಆಯ್ತದೆ. ನನ್ ಫ್ರೆಂಡ್ ಫೋನೂ ಹಿಂಗೇ ತೆಗ್ದಿದ್ದೆ."

"ಲೋಕೇಶಾ, ಮಂಜುಳನ್ನ ಒಂದ್ ಮಾತು ಕೇಳಪ್ಪಾ" ಎಂದೆ.

"ಏ ಬಿಡಿ ಟೀಚರ್, ಹಾಡು ಹಾಕೋಕೆ ಏನ್ ಕೇಳೋದು?" ಎಂದ. ಕರಿಯ ಪರದೆಯ ಮೇಲೆ ಬಂದ ಇಂಗ್ಲಿಷ್ ಸಾಲುಗಳಲ್ಲಿ ಒಂದನ್ನು ಆರಿಸಿ ಒತ್ತಿದ. ಮಂಜುಳಾ ಸೌಟು ಹಿಡಿದುಕೊಂಡೇ ಓಡಿ ಬರುವ ಹೊತ್ತಿಗೆ ಪರದೆಯಲ್ಲಿ ಹೊಟ್ಟೆ ಬಿಚ್ಚಿದ ಗೊಂಬೆಯೊಂದು ತಿರುಗುತ್ತಿತ್ತು. ಒಳಗಿದ್ದದ್ದೆಲ್ಲ ಅಳಿಯುತ್ತಿತ್ತು. ಆಗಲೇ ಗೋಡೆಯಿಂದ ಕಾಗೆ ಇಳಿದು ವಡೆ ಕಚ್ಚಿಕೊಂಡು ಹೋಯಿತು. "ಬಂತು, ಬಂತು!" ಎಂದು ಎಲ್ಲರೂ ಕೈಮುಗಿದು ಎಲೆಯ ಮುಂದೆ ಕೂರಲು ಎದ್ದರು.

ಟ್ಯಾಬು ಹೊಸದಾಗಿ ಎದ್ದು ಸ್ವಾಗತ ಹೇಳಿತು. ಎರಡು ಹೆಜ್ಜೆ ಮುಂದೆ ಹೋಗಿ ನಿಂತಿತು. ಇದರಲ್ಲಿ ಮೊದಲು ಇದ್ದ ಅಕೌಂಟಿನ ಪಾಸ್‌ವರ್ಡ್ ಹೇಳಿದರೆ ಮಾತ್ರ ಮುಂದಕ್ಕೆ ಬಿಡುತ್ತೇನೆ ಎಂದಿತು. ಸತ್ತವರ ಟ್ಯಾಬು ಸತ್ತವರನ್ನೇ ಕರೆದುಕೊಂಡು ಬನ್ನಿ ಎನ್ನುತ್ತಿತ್ತು. ಬೀಗ ನೆಂಟರಿಗೆ ಎಂದು ಅವರು ಹೇಳುತ್ತಿದ್ದದ್ದು ಆ ದಿನ ಸುಳ್ಳಾಗಲಿಲ್ಲ ನೋಡಿ. ಮನೆ ಸೇರಿದ ನೆಂಟ ತಿಥಿ ಮುಗಿಯುವ ಮೊದಲೇ ಪಾರ್ವತಕ್ಕನ ದನಿ ಅಳಿಸಿ, ಮೂರು ಸಲ ಪಾಯಸ ಹಾಕಿಸಿಕೊಂಡು ಉಂಡ.

ಮಂಜುಳಾ ಟ್ಯಾಬನ್ನು ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು. ತಿಂಗಳುಗಟ್ಟಲೆ ಅದರ ಸುದ್ದಿ ಎತ್ತಲಿಲ್ಲ. ವರ್ಷದ ತಿಥಿ ಹತ್ತಿರ ಬಂದಾಗ ಒಂದು ಭಾನುವಾರ ನಾನೇ ಅವಳನ್ನು ಎಬ್ಬಿಸಿಕೊಂಡು ತರೀಕೆರೆಗೆ ಹೊರಟೆ. ಪಾರ್ವತಕ್ಕನ ನಗು ನನಗೂ ಬೇಕಾಗಿತ್ತು.

ಆ ಮೊಬೈಲ್ ಅಂಗಡಿಯವರು ಟ್ಯಾಬನ್ನು ನೋಡಿದ ಕೂಡಲೇ ಗುರುತು ಹಿಡಿದರು. "ಸ್ಟೋರ್ ಸಾಹೇಬ್ರದ್ದಲ್ವಾ? ಶುರು ಮಾಡ್ಕೊಟ್ಟಿದ್ದೇ ನಾನು. ಪಾಸ್‌ವರ್ಡ್ ಹೊಡೆಯೋವಾಗ ನನ್ನನ್ನೇ ಅಂಗ್ಡಿಯಿಂದ ಆಚೆ ಕಳ್ಸಿದ್ರು ಕಣಮ್ಮ. ನನ್ ಅಂಗ್ಡಿ ಮುಂದೆ ನಾನೇ ಬಿಸ್ಲಲ್ಲಿ ನಿಂತಿದ್ದೆ."

ಮಂಜುಳಾ ನಗಲಿಲ್ಲ. ಅವರು ಟ್ಯಾಬನ್ನು ಒತ್ತಿ ನೋಡಿ ತಲೆಯಾಡಿಸಿದರು. "ಒಳಗಿದ್ದದ್ದು ಹೋಯ್ತು. ಆದ್ರೆ ಫೋಟೋ, ವಿಡಿಯೋ ತಾನೇ ಇಂಟರ್ನೆಟ್ಟಿಗೆ ಹೋಗಿ ಸೇರೋ ಹಂಗೆ ಅವತ್ತೇ ಮಾಡಿದ್ದೆ. ಸಾಹೇಬ್ರಿಗೆ ಹೇಳಿರ್ಲಿಲ್ಲ, ಹೇಳಿದ್ರೆ ಬೇಡ ಅಂತಿದ್ರು. ಅವ್ರ ಅಕೌಂಟ್ ಸಿಕ್ರೆ ಇಳಿದು ಬರ್ಬೋದು. ಬರೀ ಟ್ಯಾಬ್ ನಡೆದ್ರೆ ಸಾಕು ಅಂದ್ರೆ ಬೇರೆ ದಾರಿ ಐತೆ, ಆದ್ರೆ ಹಳೇದೇನೂ ಬರಲ್ಲ."

"ಟ್ಯಾಬ್ ಯಾರಿಗ್ ಬೇಕು? ನಂಗೆ ನಮ್ಮಮ್ಮನ ಹಾಡು ಬೇಕು" ಎಂದಳು ಮಂಜುಳಾ.

ಪಾಸ್‌ವರ್ಡ್ ಊಹಿಸಲು ಕೂತೆವು. ಮನೆ ನಂಬರು, ಊರಿನ ಹೆಸರು, ಉಗ್ರಾಣದ ಹೆಸರು. ಮಂಜುಳಾ ತಾನು ಹುಟ್ಟಿದ ದಿನವನ್ನು ಹಾಕುವಾಗ ಅವಳ ಮುಖ ನೋಡಿದೆ. ಎಷ್ಟು ಆಸೆಯಿತ್ತು ಆ ಮುಖದಲ್ಲಿ! ತಪ್ಪು ಎಂದಿತು. ಪಾರ್ವತಕ್ಕನ ಹೆಸರು ಹಾಕಿದಳು. ಅದೂ ತಪ್ಪು. ಆ ಮನುಷ್ಯನ ಪಾಸ್‌ವರ್ಡು ಏನಿತ್ತೋ ದೇವರಿಗೇ ಗೊತ್ತು, ಮನೆಯ ಇಬ್ಬರು ಹೆಂಗಸರಂತೂ ಅದರಲ್ಲಿರಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ಪಾಸ್‌ವರ್ಡ್ ಮರೆತಿದೆ ಎಂದರೆ ಅವರ ಫೋನ್ ನಂಬರಿಗೆ ಒಟಿಪಿ ಬರುತ್ತದೆ. ಆದರೆ ಅವರು ಹೋದ ಮೇಲೆ ಆ ಸಿಮ್ಮಿಗೆ ಯಾರೂ ರೀಚಾರ್ಜ್ ಮಾಡಿಸಿರಲಿಲ್ಲ. ಕಂಪನಿಯವರು ನಂಬರನ್ನು ಬೇರೆಯವರಿಗೆ ಕೊಟ್ಟಿರಬಹುದು, ಕರೆ ಮಾಡಿ ನೋಡಿ ಎಂದರು ಅಂಗಡಿಯವರು. ಮಂಜುಳಾ ಅಪ್ಪನ ನಂಬರಿಗೆ ಕರೆ ಮಾಡಿದಳು. ಹೆಂಗಸೊಬ್ಬಳು ಎತ್ತಿದಳು. ಹೆಸರು ರಂಗಮ್ಮ, ಬುಕ್ಕಾಂಬುಧಿಯಲ್ಲಿ ಕೆರೆ ಏರಿಯ ಹತ್ತಿರ ಸಣ್ಣ ಹೋಟ್ಲು ಇಟ್ಟಿದ್ದಾಳೆ. ಊರು ಕೇರಿ ವಿಚಾರಿಸಿಕೊಂಡು ಚೆನ್ನಾಗಿಯೇ ಮಾತಾಡಿದಳು, ಒಟಿಪಿಯ ಮಾತು ಬರುವವರೆಗೆ.

"ಥೂ, ನಿಮ್ ಬಾಯಿಗ್ ಮಣ್ಣಾಕ! ಒಟಿಪಿ ಕೇಳ್ತೀರಾ? ಹೆಂಗಸ್ರೂ ಇದೇ ಕಸುಬಿಗ್ ಇಳಿದ್ರಾ?"

ಕರೆ ಕಡಿದು ಹೋಯಿತು. ಅವಳದೇನು ತಪ್ಪು? ಒಟಿಪಿ ಯಾರಿಗೂ ಹೇಳಬೇಡಿ ಎಂದು ಊರೆಲ್ಲ ಹೇಳುವುದನ್ನೇ ಅವಳು ಪಾಲಿಸಿದ್ದು.

ಮುಂದಿನ ಭಾನುವಾರ ಅಜ್ಜಂಪುರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬುಕ್ಕಾಂಬುಧಿಯಲ್ಲಿ ಇಳಿದೆವು. ಕೆರೆ ತುಂಬಿತ್ತು. ಹೋಟ್ಲು ಎಂದರೆ ತಗಡಿನ ಮಾಡು, ಎರಡು ಬೆಂಚು, ಬಾಗಿಲೇ ಇಲ್ಲ. ರಂಗಮ್ಮ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಬೈಸಿಕೊಂಡವರು ನಾವೇ ಎಂದು ಹೇಳಿಕೊಂಡೆವು. ಸೌಟು ಹಿಡಿದೇ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಮಂಜುಳಾ ಟ್ಯಾಬು ತೋರಿಸಿದಳು, ಅಪ್ಪನ ಫೋಟೋ ತೋರಿಸಿದಳು, ಅಮ್ಮನ ಹಾಡಿನ ಕಥೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ರಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನನ್ನೇ ಅವಳ ಕೈಗಿಟ್ಟಳು. "ತಗಾ, ಏನ್ ಬೇಕೋ ನೀನೇ ನೋಡ್ಕ. ನಂಗೆ ಅದ್ರಾಗಿನ ಅಕ್ಷರ ಕಾಣಕಿಲ್ಲ."

"ಲಾಕ್ ಇಲ್ವಾ ಇದಕ್ಕೆ?" ಎಂದೆ ನಾನು.

"ಯಾಕ್ ಲಾಕು? ಒಲೆ ಮುಂದೆ ಇರೋಳು, ದಿನಕ್ ನೂರ್ ಜನ ಎತ್ತಿ ಮಾತಾಡ್ತಾರೆ." ಆಮೇಲೆ ಮಂಜುಳಾಗೆ ಮಂಡಕ್ಕಿಯ ತಟ್ಟೆ ಕೊಡುತ್ತಾ ಸಣ್ಣ ದನಿಯಲ್ಲಿ ಕೇಳಿದಳು. "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ ಕಣವ್ವ. ಹಳೇ ನಂಬರ್ ತಗಂಡ್ರೆ ಹಳಬ್ರನ್ನ ಕೇಳ್ಕಂಡು ಫೋನ್ ಬತ್ತವೆ ಅಂತಿದ್ರು. ನಿಮ್ಮಪ್ಪನ್ನ ಕೇಳ್ಕಂಡು ಇವತ್ತಿನಗಂಟ ಒಂದೂ ಬಂದಿಲ್ಲ. ಅಂಥಾ ಮನುಷ್ಯ ಏನಾಗಿದ್ದ?"

ಮಂಜುಳಾ ತಟ್ಟೆ ಪಕ್ಕಕ್ಕಿಟ್ಟು ನನ್ನ ಫೋನಿನಿಂದ ಒಟಿಪಿಗೆ ಒತ್ತಿದಳು. ನನ್ನ ಬಳಿ ಉತ್ತರವಿತ್ತು, ಮಂಡಕ್ಕಿಯ ಜೊತೆ ನುಂಗಿಕೊಂಡೆ. ಅಷ್ಟರಲ್ಲಿ ಒಟಿಪಿ ಬಂತು. ನನ್ನ ಫೋನಿನಲ್ಲಿ ಅದನ್ನು ಹಾಕಿದಳು. ಹೊಸ ಪಾಸ್‌ವರ್ಡ್ ಕೇಳಿತು. "ಅಮ್ಮನ ಹೆಸ್ರೇ ಇಡ್ತೀನಿ ಟೀಚರ್" ಎಂದಳು ಗಟ್ಟಿಯಾಗಿ. ರಂಗಮ್ಮ, "ಜೋರಾಗ್ ಹೇಳ್ಬ್ಯಾಡ ಕಣವ್ವ, ಯಾರಾರ ಕೇಳಿಸ್ಕಂಡಾರು" ಎಂದು ಗದರಿದಳು. ಹೊರಡುವಾಗ, "ಹಾಡ್ ಸಿಕ್ರೆ ಫೋನಾಗೇ ನಂಗೂ ಒಂದ್ ಕಿತ ಕೇಳ್ಸು" ಎಂದಳು. ಗುರುತಿಲ್ಲದ ಹೆಂಗಸು ಅರ್ಧ ಗಂಟೆಯಲ್ಲಿ ಕೊಟ್ಟ ನಂಬಿಕೆಯನ್ನು ಆ ಹುಡುಗಿಗೆ ಹೆತ್ತ ಅಪ್ಪ ಜೀವಮಾನದಲ್ಲಿ ಕೊಟ್ಟಿರಲಿಲ್ಲ.

ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಎರಡು ಮೂರು ದಿನ ಬಿಟ್ಟು ಟ್ಯಾಬಿಗೆ ಹಾಕಿ ಎಂದಿದ್ದರು ಅಂಗಡಿಯವರು. ಕಾದೆವು. ಒಂದು ಸಂಜೆ ನಮ್ಮ ಮನೆಯಲ್ಲಿ ಕೂತು ಮಂಜುಳಾ ಅಮ್ಮನ ಹೆಸರು ಒತ್ತಿದಳು. ತೆರೆಯಿತು. ಫೋಟೋಗಳು ಒಂದೊಂದಾಗಿ ಇಳಿಯತೊಡಗಿದವು.

ಬೀಗ. ಇನ್ನೊಂದು ಬೀಗ. ಮತ್ತೂ ಬೀಗ. ಬೆಳಗಿನ ಬಿಸಿಲಿನ ಬೀಗ, ಮಳೆಯಲ್ಲಿ ನೆನೆದ ಬೀಗ, ಆಯುಧಪೂಜೆಯ ಕುಂಕುಮ ಹಚ್ಚಿದ ಬೀಗ. ಮೊದಮೊದಲು ಇಬ್ಬರಿಗೂ ನಗು ಬಂತು. ಎಳೆದಷ್ಟೂ ಅದೇ. ವಿಡಿಯೋ ಒಂದೂ ಇಲ್ಲ. ತರೀಕೆರೆಗೆ ಫೋನು ಮಾಡಿದೆವು. ಅಂಗಡಿಯವರು ಎಲ್ಲ ಕೇಳಿಕೊಂಡು ಹೇಳಿದರು. "ವಾಟ್ಸಾಪಲ್ಲಿ ಬಂದಿದ್ದಾ ಅದು? ನಾನು ಕ್ಯಾಮೆರಾದಲ್ಲಿ ತೆಗ್ದಿದ್ದು ಅನ್ಕೊಂಡಿದ್ದೆ. ವಾಟ್ಸಾಪಿಂದು ಹಂಗೆ ಮೇಲೆ ಹೋಗಲ್ಲಮ್ಮ. ಅದು ಟ್ಯಾಬಲ್ಲೇ ಇತ್ತು, ಹೋಯ್ತು."

ಮಂಜುಳಾ ಫೋನಿಟ್ಟಳು. ಪಾರ್ವತಕ್ಕ ನನಗೆ ಎರಡನೇ ಸಲ ಸತ್ತಂತಾಯಿತು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ಬೆರಳು ಮಾತ್ರ ಪರದೆಯ ಮೇಲೆ ಎಳೆಯುತ್ತಲೇ ಇತ್ತು, ಹಿಂದಕ್ಕೆ, ಇನ್ನೂ ಹಿಂದಿನ ವರ್ಷಗಳಿಗೆ. ಒಂದು ಕಡೆ ನಿಂತಳು. ಎರಡು ಬೆರಳಿಂದ ಹಿಗ್ಗಿಸಿದಳು.

"ಟೀಚರ್, ಇಲ್ನೋಡಿ."

ಬೀಗ ನಿಚ್ಚಳವಾಗಿ ಬಿದ್ದಿತ್ತು, ಕಂಪನಿಯ ಹೆಸರು ಓದುವಷ್ಟು. ಅದರ ಹಿಂದೆ, ಗ್ರಿಲ್ಲಿನ ಒಳಗೆ, ಮಸುಕಾಗಿ ಪಾರ್ವತಕ್ಕ. ಹಿಂದಿನ ಫೋಟೋದಲ್ಲೂ ಇದ್ದರು. ಅದರ ಹಿಂದಿನದರಲ್ಲೂ. ಅವರು ಬದುಕಿದ್ದಷ್ಟು ದಿನದ ಪ್ರತಿಯೊಂದು ಬೀಗದ ಹಿಂದೆಯೂ ಇದ್ದರು. ಸೀರೆ ಬೇರೆ, ಬೀಗ ಬೇರೆ, ನಿಂತ ಜಾಗ ಒಂದೇ. ಗಂಡ ಫೋಟೋ ತೆಗೆಯುವಾಗ ಕಳಿಸಿಕೊಡಲು ಬಂದು ನಿಲ್ಲುತ್ತಿದ್ದರಲ್ಲ. ಒಂದರಲ್ಲಿ ಅವರು ಮರೆತ ಕೊಡೆಯನ್ನು ಸರಳಿನ ಸಂದಿಯಿಂದ ಹೊರಗೆ ಚಾಚಿದ್ದಾರೆ. ಬಾಯಿ ತೆರೆದಿದೆ, ಏನೋ ಹೇಳುತ್ತಿದ್ದಾರೆ. ಫೋಟೋದಲ್ಲಿ ದನಿ ಎಲ್ಲಿಂದ ಬರಬೇಕು. ಈ ಮನುಷ್ಯ ಹೆಂಡತಿಯ ಅಷ್ಟೊಂದು ಫೋಟೋ ತೆಗೆದಿದ್ದರು, ಒಂದರಲ್ಲೂ ಅವಳನ್ನು ನೋಡಿರಲಿಲ್ಲ. ಅವತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಎದುರಿಗಿದ್ದಿದ್ದರೆ ಟ್ಯಾಬನ್ನು ಅವರ ತಲೆಯ ಮೇಲೇ ಒಡೆಯುತ್ತಿದ್ದೆ.

ಮಂಜುಳಾ ಕೊಡೆಯ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಲು ಸ್ಟುಡಿಯೋಗೆ ತೆಗೆದುಕೊಂಡು ಹೋದಳು. ಜೊತೆಗೆ ನಾನಿದ್ದೆ. ಸ್ಟುಡಿಯೋದವನು ಒಳ್ಳೆಯವನು. "ಮುಖ ಸ್ವಲ್ಪ ನಿಚ್ಚಳ ಮಾಡ್ಬೋದು ಅಕ್ಕಾ. ಈ ಸರಳು, ಬೀಗ ಎಲ್ಲ ತೆಗ್ದು ಹಿಂದ್ಗಡೆ ಒಂದು ಹೂವಿನ್ ತೋಟ ಕೂರಿಸ್ಕೊಡ್ತೀನಿ, ಲಕ್ಷಣವಾಗಿ ಕಾಣ್ತದೆ" ಎಂದ.

"ಮುಖ ಮಾಡಿ" ಎಂದಳು ಮಂಜುಳಾ. "ಸರಳು ಹಂಗೇ ಇರ್ಲಿ. ಬೀಗಾನೂ ಇರ್ಲಿ."

ವರ್ಷದ ತಿಥಿಗೆ ನೆಂಟರೆಲ್ಲ ಮತ್ತೆ ಬಂದರು. ನಡುಮನೆಯ ಗೋಡೆಯ ಮೇಲೆ ಶಾಲು ಹೊದ್ದು ಹಾರ ಹಾಕಿಕೊಂಡ ಸ್ಟೋರಿನವರು, ಪಕ್ಕದಲ್ಲಿ ಕೊಡೆ ಚಾಚಿಕೊಂಡು ಸರಳಿನ ಹಿಂದೆ ಪಾರ್ವತಕ್ಕ. ಬಂದವರು ಕೈಮುಗಿಯಲು ಹೋಗಿ ತಡೆದು ನಿಲ್ಲುತ್ತಿದ್ದರು. ಲೋಕೇಶ ಹತ್ತಿರ ಹೋಗಿ ನೋಡಿದ.

"ಏನಕ್ಕಾ ಇದು, ಚಿಕ್ಕಮ್ಮನ್ನ ಹಿಂಗ್ ಹಾಕಿದೀಯ? ಇದ್ಯಾರು ತೆಗ್ದಿದ್ದು?"

ಮಂಜುಳಾ ಎಲೆ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ.

"ನಮ್ಮಪ್ಪ. ಬೀಗ ಹಾಕಿದ್ದಕ್ಕೆ ಸಾಕ್ಷಿ ಬೇಕು ಅಂತಿದ್ರು."